ಹಂಚಿನ ಕಾರ್ಖಾನೆಯಲ್ಲಿ ದುಡಿಮೆ ಮತ್ತು ದೇವರ ಕೃಪೆ

ಕರಾವಳಿಯ ಹಳೆಯ ಮನೆಗಳ ಮಾಡಿನಿಂದ ಇಳಿಸಿದ ಹಂಚುಗಳನ್ನು ಮಗುಚಿ ನೋಡಿದರೆ ಕೆಲವುಗಳ ಮೇಲೆ 'ಬಾಸೆಲ್ ಮಿಶನ್' ಎಂಬ ಅಚ್ಚು ಕಾಣುತ್ತದೆ. ಸುವಾರ್ತೆ ಸಾರಲು ದೂರದ ಸ್ವಿಟ್ಜರ್ಲೆಂಡಿನಿಂದ ಬಂದ ಸಂಸ್ಥೆಯ ಹೆಸರು ಹಂಚಿನ ಮೇಲೇಕೆ ಬಂತು? ಇದಕ್ಕೆ ಉತ್ತರ ಹುಡುಕಹೊರಟರೆ ಕ್ರೈಸ್ತ ಧರ್ಮದೊಳಗಿನ ಬಹಳ ಹಳೆಯ ಚರ್ಚೆಯೊಂದು ಎದುರಾಗುತ್ತದೆ. ಮನುಷ್ಯನ ಏಳಿಗೆ ಅವನ ದುಡಿಮೆಯ ಫಲವೋ, ದೇವರ ಆಶೀರ್ವಾದವೋ?

ಬೈಬಲ್ ಈ ಪ್ರಶ್ನೆಗೆ ಒಂದೇ ಮಾತಿನ ಉತ್ತರ ಕೊಡುವುದಿಲ್ಲ. ಆದಿಕಾಂಡದ ಪ್ರಕಾರ ಮೊದಲ ಮನುಷ್ಯನಿಗೆ ತೋಟ ನೋಡಿಕೊಳ್ಳುವ ಕೆಲಸ ಸಿಕ್ಕಿದ್ದು ಪಾಪಕ್ಕಿಂತ ಮೊದಲೇ. ಶಾಪದಿಂದ ಬಂದದ್ದು ಬೆವರು, ಕೆಲಸವಲ್ಲ. ಡೇರೆ ಹೊಲಿದು ಬದುಕುತ್ತಿದ್ದ ಪೌಲನು, ದುಡಿಯಲು ಮನಸ್ಸಿಲ್ಲದವನಿಗೆ ಊಟದ ಹಕ್ಕಿಲ್ಲವೆಂದು ಥೆಸಲೋನಿಕದವರಿಗೆ ಖಡಾಖಂಡಿತವಾಗಿ ಬರೆದ. ಆದರೆ ದೇವರು ಕಟ್ಟದ ಮನೆಯನ್ನು ಕಟ್ಟುವವರ ಶ್ರಮ ವ್ಯರ್ಥ ಎನ್ನುತ್ತದೆ ಒಂದು ಕೀರ್ತನೆ. ಯೇಸು ಹೇಳಿದ ದ್ರಾಕ್ಷಿತೋಟದ ಕಥೆಯಲ್ಲಂತೂ ಬೆಳಗ್ಗೆ ಬಂದ ಕೂಲಿಯಾಳಿಗೂ ಸಂಜೆ ಬಂದವನಿಗೂ ಸಿಕ್ಕಿದ್ದು ಒಂದೇ ಕೂಲಿ. ಅಂದರೆ ದುಡಿಮೆ ಕರ್ತವ್ಯ. ಕೃಪೆ ಮಾತ್ರ ಅದರ ಬೆಲೆಯಲ್ಲ.

ಆರನೆಯ ಶತಮಾನದಲ್ಲಿ ಸಂತ ಬೆನೆಡಿಕ್ಟರ ನಿಯಮಾವಳಿ ಸಂನ್ಯಾಸಿಗಳ ದಿನಚರಿಯಲ್ಲಿ ಪ್ರಾರ್ಥನೆಯ ಜೊತೆಗೆ ಮೈಮುರಿ ಕೆಲಸವನ್ನೂ ಸೇರಿಸಿತು. ಹದಿನಾರನೆಯ ಶತಮಾನದಲ್ಲಿ ಮಾರ್ಟಿನ್ ಲೂಥರ್ ಇನ್ನೂ ಮುಂದೆ ಹೋದರು. ದೇವರ ಕರೆ ಮಠದವರಿಗಷ್ಟೇ ಅಲ್ಲ, ಚಮ್ಮಾರನಿಗೂ ಮನೆಗೆಲಸದವಳಿಗೂ ಇದೆ ಎಂದರು. ನಮ್ಮಲ್ಲಿ ಹನ್ನೆರಡನೆಯ ಶತಮಾನದ ಶರಣರ ಕಾಯಕ ತತ್ವವನ್ನು ಬಲ್ಲವರಿಗೆ ಈ ಮಾತು ಅಪರಿಚಿತವೆನಿಸದು. ಆದರೆ ಗೆದ್ದ ವ್ಯಾಪಾರವೇ ದೇವರ ಮೆಚ್ಚುಗೆಯ ಗುರುತು ಎಂಬ ಭಾವನೆಯೂ ಮುಂದೆ ಕೆಲವು ಪ್ರಾಟೆಸ್ಟೆಂಟ್ ಪಂಗಡಗಳಲ್ಲಿ ಬೆಳೆಯಿತು. ಜರ್ಮನ್ ಸಮಾಜಶಾಸ್ತ್ರಜ್ಞ ಮ್ಯಾಕ್ಸ್ ವೇಬರ್ 1904-05ರಲ್ಲಿ ಬಂಡವಾಳಶಾಹಿಯ ಮನೋಧರ್ಮದ ಮೂಲವನ್ನು ಹುಡುಕಿದ್ದು ಇಲ್ಲಿಯೇ.

ಯುರೋಪಿನ ಈ ವಿಚಾರ ಮಂಗಳೂರಿನಲ್ಲಿ ಹೊಟ್ಟೆಪಾಡಿನ ಪ್ರಶ್ನೆಯಾಗಿ ಬದಲಾಯಿತು. 1815ರಲ್ಲಿ ಆರಂಭವಾದ ಬಾಸೆಲ್ ಮಿಶನ್ನಿನ ಮೂವರು ಪಾದ್ರಿಗಳು, ಹೆಬಿಕ್, ಲೇನರ್ ಮತ್ತು ಗ್ರೈನರ್, 1834ರಲ್ಲಿ ಇಲ್ಲಿಗೆ ಬಂದರು. ಮಿಶನ್ನಿಗೆ ಸೇರಿದವರಲ್ಲಿ ಅನೇಕರು ದಕ್ಷಿಣ ಜರ್ಮನಿಯ ರೈತರ, ಕುಶಲಕರ್ಮಿಗಳ ಮಕ್ಕಳು. ಭಕ್ತಿಯಷ್ಟೇ ಮಿತವ್ಯಯ, ಸಮಯಪಾಲನೆ ಮತ್ತು ಕೈಕೆಲಸವನ್ನು ಗೌರವಿಸಿ ಬೆಳೆದವರು.

ದೀಕ್ಷಾಸ್ನಾನ ಪಡೆದವನ ಬದುಕು ಮರುದಿನವೇ ಕಷ್ಟಕ್ಕೆ ಬೀಳುತ್ತಿತ್ತು. ಮನೆಯವರು ಹೊರಹಾಕುತ್ತಿದ್ದರು, ಗೇಣಿಯ ಗದ್ದೆ ಕೈತಪ್ಪುತ್ತಿತ್ತು. ಬಿಲ್ಲವ ಸಮುದಾಯದಿಂದ ಬಂದವರ ಪಾಡು ಇನ್ನೂ ಬಿಗಿ. ಕಳ್ಳು ಇಳಿಸುವ ಮೂರ್ತೆ ಕಸುಬನ್ನು ಮಿಶನ್ ಒಪ್ಪುತ್ತಿರಲಿಲ್ಲ. ಧರ್ಮಾರ್ಥ ಅನ್ನ ಹಾಕಿದರೆ ಜನ ಅನ್ನಕ್ಕಾಗಿಯೇ ಸಭೆ ಸೇರುತ್ತಾರೆಂಬ ಅಳುಕು. ಹಾಕದಿದ್ದರೆ ನಂಬಿ ಬಂದವರು ಉಪವಾಸ. ಪೌಲನ ಮಾತು ಪಾಲಿಸಬೇಕಾದರೆ ಮೊದಲು ಕೆಲಸವೊಂದು ಇರಬೇಕಲ್ಲ!

ಆ ಕೆಲಸವನ್ನು ಮಿಶನ್ ತಾನೇ ಹುಟ್ಟುಹಾಕಬೇಕಾಯಿತು. ಬೇಸಾಯ, ಬಡಗಿತನ, ಗಡಿಯಾರದ ಕೆಲಸ ಹೀಗೆ ಆರಂಭದ ಕೆಲವು ಪ್ರಯತ್ನಗಳು ಕೈಗೂಡಲಿಲ್ಲ. 1841ರಲ್ಲಿ ಬಂದ ಮುದ್ರಣಾಲಯ ಉಳಿಯಿತು. 1843ರಲ್ಲಿ ಮೋಗ್ಲಿಂಗ್ ಅವರ 'ಮಂಗಳೂರ ಸಮಾಚಾರ' ಹೊರಟಿದ್ದು ಆ ಪರಂಪರೆಯಲ್ಲೇ. 1851ರಲ್ಲಿ ನೇಕಾರ ಹಾಲರ್ ಬಂದ ಮೇಲೆ ಮಗ್ಗದ ಕೆಲಸಕ್ಕೆ ಕಳೆ ಬಂತು. ಖಾಕಿ ಬಣ್ಣದ ಕೀರ್ತಿಯನ್ನೂ ಮಂಗಳೂರಿನವರು ಅವರಿಗೇ ಸಲ್ಲಿಸುತ್ತಾರೆ. ಯಂತ್ರ ಬಲ್ಲ ಜಾರ್ಜ್ ಪ್ಲೆಬ್ಸ್ಟ್ ನೇತ್ರಾವತಿ ತೀರದ ಆವೆಮಣ್ಣಿನ ಗುಣ ಅರಿತು, 1865ರಲ್ಲಿ ಜೆಪ್ಪುವಿನಲ್ಲಿ ಹಂಚಿನ ಕಾರ್ಖಾನೆ ತೆರೆದರು. ಒಂದಕ್ಕೊಂದು ಕಚ್ಚಿಕೊಂಡು ಕೂರುವ ಆ ಹಗುರ ಹಂಚು ಹುಲ್ಲಿನ ಮಾಡುಗಳನ್ನು ಬದಲಿಸಿತು. ಕುದ್ರೋಳಿ, ಮಲ್ಪೆಗಳಲ್ಲೂ ಮಲಬಾರಿನಲ್ಲೂ ಕಾರ್ಖಾನೆಗಳು ಎದ್ದವು. ಸ್ಥಳೀಯ ಉದ್ಯಮಿಗಳೂ ಅದೇ ದಾರಿ ಹಿಡಿದರು.

ಬೇರೆ ಬೇರೆ ಜಾತಿಗಳಿಂದ ಬಂದವರು ಒಂದೇ ಸೂರಿನಡಿ ದುಡಿದರು. ಹೆಂಗಸರ ಕೈಗೂ ಕೂಲಿಯ ಹಣ ಬಂತು. ಇದು ಸಣ್ಣ ಬದಲಾವಣೆಯಲ್ಲ. ಆದರೆ ಲಾಭ ಬರತೊಡಗಿದಾಗ ಹಳೆಯ ಪ್ರಶ್ನೆ ಹೊಸ ವೇಷದಲ್ಲಿ ಬಂದು ನಿಂತಿತು. 1859ರಲ್ಲಿ ಬಾಸೆಲ್‌ನಲ್ಲಿ ಷೇರು ಬಂಡವಾಳದ ವ್ಯಾಪಾರ ಕಂಪೆನಿ ಹುಟ್ಟಿ, ಮುಂದೆ ಕಾರ್ಖಾನೆಗಳೂ ಅದರ ಕೈಸೇರಿದವು. ಲಾಭದ ಪಾಲು ಧರ್ಮಪ್ರಚಾರಕ್ಕೆ ಹೋಗುತ್ತಿತ್ತು. ಕೆಲಸಗಾರನಿಗೆ ದುಡಿಮೆ ಪೂಜೆಯೆಂದು ಕಲಿಸಿದವರೇ ಅವನ ಕೂಲಿಯನ್ನೂ ನಿರ್ಧರಿಸುವವರು. ಭಾನುವಾರದ ಸಭೆ, ಸೋಮವಾರದ ಹಾಜರಿ ಎರಡೂ ಒಂದೇ ಸಂಸ್ಥೆಯ ನೆರಳಿನಲ್ಲಿ. ಕೂಲಿ ಸಾಲದೆಂದು ಅನಿಸಿದವನು ಯಾರೊಡನೆ ವಾದಿಸಬೇಕು, ಮಾಲೀಕನೊಡನೆಯೋ ತನ್ನ ಸಭೆಯೊಡನೆಯೋ? ಸ್ವಂತ ಕಾಲ ಮೇಲೆ ನಿಲ್ಲಲಿ ಎಂದು ಕೊಟ್ಟ ಕೆಲಸವೇ ಅವನನ್ನು ಮಿಶನ್ನಿನ ಅವಲಂಬಿಯನ್ನಾಗಿ ಮಾಡಿತು ಎಂಬ ಟೀಕೆಯಲ್ಲಿ ಹುರುಳಿದೆ.

1914ರಲ್ಲಿ ಮೊದಲ ಮಹಾಯುದ್ಧ ಆರಂಭವಾದಾಗ ಬ್ರಿಟಿಷ್ ಸರ್ಕಾರಕ್ಕೆ ಜರ್ಮನ್ ಪಾದ್ರಿಗಳು ಶತ್ರುದೇಶದವರಾದರು. ಅವರನ್ನು ಬಂಧನದಲ್ಲಿಟ್ಟು ಸ್ವದೇಶಕ್ಕೆ ಕಳಿಸಲಾಯಿತು. ಯುದ್ಧದ ನಂತರ ಕಾರ್ಖಾನೆಗಳು ಕಾಮನ್‌ವೆಲ್ತ್ ಟ್ರಸ್ಟ್‌ನ ಪಾಲಾದವು. ಕಾರ್ಖಾನೆ ಬೇರೆ, ಸಭೆ ಬೇರೆ ಎಂದಾದದ್ದು ಹೀಗೆ. ಆದರೆ ಸಭೆ ಮುಳುಗಲಿಲ್ಲ. ಕಾರ್ಖಾನೆ ಕೈಬಿಟ್ಟ ಮೇಲೂ ಜನ ಪ್ರಾರ್ಥನೆಗೆ ಬಂದರು, ಕಲಿತ ಕಸುಬನ್ನು ಬೇರೆಡೆ ಮುಂದುವರಿಸಿದರು.

ಕಾಂಕ್ರೀಟಿನ ತಾರಸಿ ಬಂದ ಮೇಲೆ ಹಂಚಿನ ಕಾರ್ಖಾನೆಗಳ ಚಿಮಣಿಗಳು ಒಂದೊಂದಾಗಿ ತಣ್ಣಗಾದವು. ಅಲ್ಲಿ ದುಡಿದವರ ಶ್ರಮ ಕಡಿಮೆಯಾಗಿತ್ತೆಂದೋ ದೇವರು ಮುನಿದನೆಂದೋ ಯಾರೂ ಹೇಳಲಾರರು. ಮಾರುಕಟ್ಟೆ ಬದಲಾಯಿತು, ಅಷ್ಟೆ. ಗೆಲುವನ್ನು ಆಶೀರ್ವಾದದ ರಸೀತಿಯಂತೆ ಹಿಡಿದವರಿಗೆ ಇಂಥ ಸೋಲನ್ನು ವಿವರಿಸುವುದು ಕಷ್ಟ. ದುಡಿಮೆ ನಮ್ಮ ಪಾಲಿನದು, ಕೃಪೆ ಕೇಳದೆ ಬರುವಂಥದು ಎಂದು ನಂಬಿದವರಿಗೆ ಮಾತ್ರ ಆ ಕಷ್ಟವಿಲ್ಲ.