ಬೆಳಕಿನ ಔಷಧ: ಜೀವಕೋಶದ ಒಳಗೂ ಹೊರಗೂ

ಏನಿದು ಚಿಕಿತ್ಸೆ?

ಕೆಲವು ವರ್ಣದ್ರವ್ಯಗಳು ಕತ್ತಲಲ್ಲಿ ಜೀವಕೋಶಕ್ಕೆ ಹೆಚ್ಚೇನೂ ಹಾನಿ ಮಾಡುವುದಿಲ್ಲ. ಬೆಳಕು ಬಿದ್ದೊಡನೆ ಮಾರಕವಾಗುತ್ತವೆ. ಅಕ್ರಿಡೀನ್ ಬೆರೆಸಿದ ನೀರಿನಲ್ಲಿ ಪ್ಯಾರಾಮೀಸಿಯಂ ಜೀವಿಗಳು ಬೆಳಕಿದ್ದಾಗ ಬೇಗ ಸಾಯುವುದನ್ನು ಮ್ಯೂನಿಕ್‌ನ ವಿದ್ಯಾರ್ಥಿ ಆಸ್ಕರ್ ರಾಬ್ 1900ರಲ್ಲಿ ಪ್ರಕಟಿಸಿದರು. ಕ್ಯಾನ್ಸರ್ ಕೋಶಗಳ ಮೇಲೆ ಇದೇ ಗುಣವನ್ನು ಪ್ರಯೋಗಿಸುವುದು ದ್ಯುತಿಕ್ರಿಯಾ ಚಿಕಿತ್ಸೆ, ಅಂದರೆ ಫೋಟೋಡೈನಮಿಕ್ ಥೆರಪಿ. ಬೆಳಕನ್ನು ಹೀರಿದ ದ್ರವ್ಯ ಆ ಶಕ್ತಿಯನ್ನು ಆಮ್ಲಜನಕಕ್ಕೆ ದಾಟಿಸುತ್ತದೆ. ಆಗ ಉಂಟಾಗುವ ಸಿಂಗ್ಲೆಟ್ ಆಮ್ಲಜನಕದ ಆಯಸ್ಸು ಕ್ಷಣಮಾತ್ರ. ಹುಟ್ಟಿದ ಜಾಗದ ಆಸುಪಾಸನ್ನಷ್ಟೇ ಅದು ಕೆಡಿಸಬಲ್ಲದು. ಆದ್ದರಿಂದ ದ್ರವ್ಯ ಕೋಶದೊಳಗೆ ಎಷ್ಟು ನಿಂತಿದೆ ಎಂಬುದರ ಮೇಲೆ ಫಲ ನಿಂತಿದೆ.

ಒಳಬರುವ ದಾರಿ

ಜಿಡ್ಡಿನಲ್ಲಿ ಕರಗುವ ದೊಡ್ಡ ಅಣುಗಳು ಕೊಲೆಸ್ಟರಾಲ್ ಹೊರುವ ಎಲ್‌ಡಿಎಲ್ ಕಣಗಳಿಗೆ ಅಂಟಿಕೊಂಡು ಕೋಶವನ್ನು ಹೊಗಬಲ್ಲವು. ಅಮೈನೊಲೆವುಲಿನಿಕ್ ಆಮ್ಲದ ಬಗೆ ಬೇರೆ, ಹೆಚ್ಚು ಸ್ವಾರಸ್ಯಕರವೂ ಹೌದು. ಈ ಪುಟ್ಟ ಅಣು ಸ್ವತಃ ಬೆಳಕಿನ ಔಷಧವಲ್ಲ. ರಕ್ತಕ್ಕೆ ಕೆಂಪು ಕೊಡುವ ಹೀಮ್‌ನ ಕಚ್ಚಾವಸ್ತು. ಪೆಪ್ಟೈಡ್‌ಗಳನ್ನು ಸಾಗಿಸುವ ಪೊರೆಯ ಪ್ರೋಟೀನ್‌ಗಳು ಇದನ್ನೂ ಒಳಗೆ ಬಿಟ್ಟುಕೊಳ್ಳುತ್ತವೆ. ಹಲವು ಹಂತ ದಾಟಿ ಮೈಟೊಕಾಂಡ್ರಿಯದಲ್ಲಿ ಇದು ಪ್ರೋಟೊಪಾರ್ಫಿರಿನ್ ಎಂಬ, ಬೆಳಕಿಗೆ ಸ್ಪಂದಿಸುವ ಪಾರ್ಫಿರಿನ್ ಆಗುತ್ತದೆ. ಅದಕ್ಕೆ ಕಬ್ಬಿಣ ಕೂಡಿದರೆ ಹೀಮ್. ಅನೇಕ ಕ್ಯಾನ್ಸರ್ ಕೋಶಗಳಲ್ಲಿ ಕಬ್ಬಿಣ ಕೂಡಿಸುವ ಕೆಲಸ ಹಿಂದೆ ಬೀಳುವುದರಿಂದ ಪಾರ್ಫಿರಿನ್ ಶೇಖರವಾಗುತ್ತದೆ. ನೀಲಿ ಬೆಳಕಿನಲ್ಲಿ ಅಂಥ ಅಂಗಾಂಶ ಕೆಂಪಗೆ ಹೊಳೆಯುತ್ತದೆ. ಮಿದುಳಿನ ಗ್ಲಯೋಮಾ ಗಡ್ಡೆಯನ್ನು ತೆಗೆಯುವಾಗ ಶಸ್ತ್ರವೈದ್ಯರು ಈ ಹೊಳಪಿನ ನೆರವು ಪಡೆಯುತ್ತಾರೆ.

ಹೊರದೂಡುವ ಪಂಪು

ಕೋಶಪೊರೆಯ ಎಬಿಸಿಜಿ2 ಎಂಬ ಪ್ರೋಟೀನ್ ಕೋಶದ ಇಂಧನವಾದ ಎಟಿಪಿಯನ್ನು ವ್ಯಯಿಸಿ ಪಾರ್ಫಿರಿನ್ ಅನ್ನು ಹೊರದೂಡುತ್ತದೆ. ಇದು ದೇಹದ ಸಹಜ ರಕ್ಷಣೆ. 2002ರಲ್ಲಿ ಪ್ರಕಟವಾದ ಪ್ರಯೋಗವೊಂದು ಇದನ್ನು ಮನದಟ್ಟು ಮಾಡಿತು: ಈ ಪಂಪಿಲ್ಲದ ಇಲಿಗಳು ಕುದುರೆಮಸಾಲೆ ಸೊಪ್ಪು ಬೆರೆತ ಮೇವು ತಿಂದು ಬೆಳಕಿಗೆ ಒಡ್ಡಿಕೊಂಡಾಗ ಅವುಗಳ ಕಿವಿ ಹುಣ್ಣಾಯಿತು. ಸೊಪ್ಪಿನ ಪತ್ರಹರಿತ್ತು ಒಡೆದು ಬರುವ, ಪಾರ್ಫಿರಿನ್ ಅನ್ನು ಹೋಲುವ ಫಿಯೋಫೋರ್ಬೈಡ್ ಅವುಗಳ ಮೈಯಲ್ಲೇ ಉಳಿದುಬಿಟ್ಟಿತ್ತು. ಇದೇ ಪಂಪು ಗಡ್ಡೆಯ ಕೋಶಗಳಲ್ಲಿ ಹೇರಳವಾಗಿದ್ದರೆ ಔಷಧ ಸೋರಿಹೋಗುತ್ತದೆ. ಇಮ್ಯಾಟಿನಿಬ್‌ನಂಥ ಔಷಧಗಳು ಈ ಪಂಪನ್ನು ತಡೆಯುವುದು ಪ್ರಯೋಗಾಲಯದಲ್ಲಿ ಕಂಡುಬಂದಿದೆ.

ಬೆಳಕು ಹಾಯಿಸುವ ಹೊತ್ತು

ಫೋಟೋಫ್ರಿನ್ ಎಂಬ ಬೆಳಕಿನ ಔಷಧದ ಚುಚ್ಚುಮದ್ದು ಕೊಟ್ಟು 40ರಿಂದ 50 ಗಂಟೆ ಕಾದು 630 ನ್ಯಾನೊಮೀಟರ್‌ನ ಕೆಂಪು ಬೆಳಕು ಹಾಯಿಸುತ್ತಾರೆ. ಚರ್ಮದಿಂದ ಅದು ಪೂರ್ತಿ ಇಳಿಯಲು ತಿಂಗಳಾದರೂ ಬೇಕು. ಅಲ್ಲಿಯವರೆಗೆ ಬಿಸಿಲು ವರ್ಜ್ಯ. ಆದರೆ ಕತ್ತಲೆ ಕೋಣೆಯಲ್ಲೇ ಕೂರುವುದೂ ಸರಿಯಲ್ಲ. ಮನೆಯೊಳಗಿನ ಸಾಧಾರಣ ಬೆಳಕು ಚರ್ಮದಲ್ಲಿ ಉಳಿದ ಔಷಧವನ್ನು ನಿಧಾನವಾಗಿ ನಿಷ್ಕ್ರಿಯಗೊಳಿಸುತ್ತದೆ.