ವಿಳಾಸ ಪುಸ್ತಕದ ವರ್ಗಾವಣೆಯಲ್ಲಿ ಕನ್ನಡ ಹೆಸರುಗಳ ಸ್ಥಾನಪಲ್ಲಟ

ಒಂದು ಇಮೇಲ್ ತಂತ್ರಾಂಶದ ವಿಳಾಸ ಪುಸ್ತಕವನ್ನು ಇನ್ನೊಂದಕ್ಕೆ ಸಾಗಿಸುವಾಗ ಕನ್ನಡ ಹೆಸರುಗಳು ಕೆಡಲು ಅಕ್ಷರ ಸಂಕೇತವೇ ಕಾರಣವೆಂಬ ಮಾತು ರೂಢಿಯಲ್ಲಿದೆ. ಅದಕ್ಕೆ ಆಧಾರವೂ ಇದೆ. 'ಪುಟ್ಟಪ್ಪ' ಎಂಬುದು ಯುಟಿಎಫ್-8ರಲ್ಲಿ 24 ಬೈಟು, ವಿಳಾಸಗಳನ್ನು ಸಾಗಿಸುವ ಕಡತದ ಮಾನಕವಾದ ವಿಕಾರ್ಡ್‌ನ 2.1 ಆವೃತ್ತಿ (1996) ಬಳಸುತ್ತಿದ್ದ, ಇಂಥ ಬೈಟಿಗೆ ಮೂರು ಚಿಹ್ನೆ ಹಿಡಿಯುವ ಕೋಟೆಡ್-ಪ್ರಿಂಟಬಲ್ ರೂಪದಲ್ಲಿ 72 ಚಿಹ್ನೆ. ಸಾಲಿನ ಮಿತಿ 76; ಹೆಸರಿನ ಮುಂದೆ ಬರುವ ಕ್ಷೇತ್ರಸೂಚಿ ಸೇರಿದರೆ ಅದು ಮೀರಿ ಸಾಲು ಮುರಿಯುತ್ತದೆ. ಮುರಿದ ಸಾಲನ್ನು ಓದುವ ತಂತ್ರಾಂಶ ಮರಳಿ ಜೋಡಿಸದಿದ್ದರೆ ಹೆಸರಿನ ಬಾಲ ಹೋಯಿತು. 2011ರ 4.0 ಆವೃತ್ತಿ ಯುಟಿಎಫ್-8 ಒಂದನ್ನೇ ಕಡ್ಡಾಯ ಮಾಡಿದ ಮೇಲೆ ಈ ವಾದ ಬಹುಮಟ್ಟಿಗೆ ಹಳತಾಗಿದೆ.

ಸಂಕೇತವೊಂದೇ ಕಾರಣವೇ ಎಂದು ತಿಳಿಯಲು ಹೆಸರನ್ನು ರೋಮನ್ ಲಿಪಿಯಲ್ಲೇ ಬರೆದು ಸಾಗಿಸಿ ನೋಡಬಹುದು. ಒಂದಕ್ಷರವೂ ಕೆಡದೆ ಹೆಸರು ಮಾತ್ರ ಅದಲುಬದಲಾಗುವುದುಂಟು. ಕಾರಣ, ವಿಕಾರ್ಡ್‌ನಲ್ಲಿ ಹೆಸರು ಎರಡು ಕಡೆ ಇರುತ್ತದೆ. 'ಎಫ್‌ಎನ್' ಇಡೀ ಹೆಸರು. 'ಎನ್' ಅದನ್ನೇ ಅಡ್ಡಹೆಸರು, ಸ್ವಂತ ಹೆಸರು, ನಡುವಿನ ಹೆಸರು, ಹಿಂದುಮುಂದಿನ ಬಿರುದುಗಳು ಎಂದು ಐದು ಮನೆಗೆ ಹಂಚಿದ ಸಾಲು. 1998ರ 3.0ಕ್ಕೆ ಎರಡೂ ಬೇಕು, 4.0ಕ್ಕೆ 'ಎಫ್‌ಎನ್' ಸಾಕು. ಹಾಗಾಗಿ ಹೊಸ ಕಾರ್ಡನ್ನು ಹಳೆಯ ಆವೃತ್ತಿಗೆ ಇಳಿಸುವ ತಂತ್ರಾಂಶ ಇಲ್ಲದ 'ಎನ್' ಅನ್ನು ಹುಟ್ಟಿಸಲೇಬೇಕು. ಕೊನೆಯ ಪದವೇ ಅಡ್ಡಹೆಸರೆಂದು ಹಿಡಿದರೆ ದತ್ತಾತ್ರೇಯ ರಾಮಚಂದ್ರ ಬೇಂದ್ರೆ ಸರಿಹೋಗುತ್ತಾರೆ. ಕುಪ್ಪಳಿ ವೆಂಕಟಪ್ಪ ಪುಟ್ಟಪ್ಪನವರಲ್ಲಿ ಊರು ಸ್ವಂತ ಹೆಸರಾಗಿ, ಸ್ವಂತ ಹೆಸರು ಅಡ್ಡಹೆಸರಾಗಿ, ತಂದೆಯೊಬ್ಬರು ನಡುವೆ ಉಳಿಯುತ್ತಾರೆ. ಈ ಪುಸ್ತಕದಿಂದ ಆಮಂತ್ರಣ ಹೊರಡಿಸಿದರೆ 'ಪ್ರಿಯ ಕುಪ್ಪಳಿ' ಎಂದು ತೀರ್ಥಹಳ್ಳಿ ತಾಲ್ಲೂಕಿನ ಹಳ್ಳಿಯೊಂದಕ್ಕೆ ಕರೆ ಹೋದೀತು! ಎರಡೂ ಮೂರು ಪದದ ಹೆಸರುಗಳೇ. ಪದದ ಸ್ಥಾನವನ್ನಷ್ಟೇ ನೋಡಿ ಇವನ್ನು ಬೇರ್ಪಡಿಸುವ ನಿಯಮ ಸಾಧ್ಯವಿಲ್ಲ.

ಹಾಗೆಂದು ದೋಷವನ್ನೆಲ್ಲ ಮಾನಕದ ತಲೆಗೆ ಕಟ್ಟಲಾಗದು. ಮನೆಗಳನ್ನು ಖಾಲಿ ಬಿಡಲು ಅದು ಅವಕಾಶ ಕೊಟ್ಟಿದೆ. ಇಡೀ ಹೆಸರನ್ನು ಸ್ವಂತ ಹೆಸರಿನ ಮನೆಯಲ್ಲಿಟ್ಟು ಉಳಿದ ನಾಲ್ಕನ್ನು ಬರಿದು ಬಿಡುವುದೇ, ಕನಿಷ್ಠಪಕ್ಷ ಮೂಲದಲ್ಲಿ 'ಎನ್' ಇಲ್ಲದಾಗ, ಕಡಿಮೆ ಅಪಾಯದ ದಾರಿಯೆಂದು ನನಗನ್ನಿಸುತ್ತದೆ. ಪಾಟೀಲ, ಹೆಗಡೆ ಮುಂತಾದವರಿಗೆ ಇದರಿಂದ ನಷ್ಟವುಂಟು: ಅಡ್ಡಹೆಸರಿನ ಅಕಾರಾದಿಯಲ್ಲಿ ಅವರು ಸಿಗುವುದಿಲ್ಲ.

ಇನಿಷಿಯಲ್‌ಗಳ ಪ್ರಶ್ನೆಯನ್ನು ನಾನು ಬಗೆಹರಿಸಿಲ್ಲ. 'ಕೆ. ವಿ. ಪುಟ್ಟಪ್ಪ' ಎಂಬಲ್ಲಿ ಕೆ ಊರು, ವಿ ತಂದೆ ಎಂಬುದು ನಮಗೆ ಗೊತ್ತು, ಕಾರ್ಡಿಗೆ ಗೊತ್ತಿಲ್ಲ. ಅವನ್ನು ನಡುವಿನ ಮನೆಗೆ ಹಾಕಿದರೆ ಮರಳಿ ಜೋಡಿಸುವಾಗ 'ಪುಟ್ಟಪ್ಪ ಕೆ. ವಿ.' ಎಂದಾಗುತ್ತದೆ. ತಪ್ಪೆನ್ನಲೂ ಬಾರದು, ಶಾಲೆಯ ಹಾಜರಿ ಪುಸ್ತಕದಲ್ಲಿ ನಾವೇ ಹಾಗೆ ಬರೆದುಕೊಂಡು ಬಂದಿದ್ದೇವೆ.