ಶರೀಫರ ಪದ ಗಿಟಾರಿಗೆ ಬಂದ ದಾರಿ

ಕನ್ನಡದ ಫೋಕ್ ರಾಕ್ ಕುರಿತು ಈಚೆಗೆ ಬರುವ ಬರಹಗಳಲ್ಲಿ ಹೆಚ್ಚಿನವು 2008ರಿಂದಲೇ ಶುರುವಾಗುತ್ತವೆ. ಗಾಯಕ ರಘು ದೀಕ್ಷಿತರ ಮೊದಲ ಆಲ್ಬಂ ಬಂದ ವರ್ಷ ಅದು. ಅಲ್ಲಿಯ ತನಕ ನಮ್ಮ ತತ್ವಪದಗಳು ಮಠದ ಜಗುಲಿಯ ಮೇಲೆ ತೂಕಡಿಸುತ್ತಿದ್ದವು ಎಂಬ ಧಾಟಿ. ಕ್ಯಾಸೆಟ್ಟಿನ ಕಾಲದಿಂದ ಈ ಹಾಡುಗಳ ಜೊತೆಗಿರುವ ನನ್ನಂಥವರಿಗೆ ಇದನ್ನು ಓದಿ ಸುಮ್ಮನಿರುವುದು ಕಷ್ಟ.

ಹಿಂದಿನದನ್ನು ಬೇಗ ಹೇಳಿಬಿಡುತ್ತೇನೆ. ಶಿಶುನಾಳ ಶರೀಫರ (1819–1889) ಪದಗಳು ಧಾರವಾಡ ಸೀಮೆಯ ಭಜನಾ ಮೇಳಗಳಲ್ಲಿ ಏಕತಾರಿ, ದಮ್ಮಡಿ, ತಾಳಗಳ ಜೊತೆ ಬಾಯಿಂದ ಬಾಯಿಗೆ ಬಂದವು. ಮುಂದೆ ಗಾಯಕ ಪಿ. ಕಾಳಿಂಗರಾಯರು ಕವಿತೆಯನ್ನು ಸಭೆಯಲ್ಲಿ ಹಾಡಿ ಗೆದ್ದರು. 1978ರಲ್ಲಿ ಮೈಸೂರು ಅನಂತಸ್ವಾಮಿಯವರ ಸಂಗೀತದಲ್ಲಿ ‘ನಿತ್ಯೋತ್ಸವ’ ಕ್ಯಾಸೆಟ್ ಬಂದು ಭಾವಗೀತೆ ಮನೆಮನೆ ಸೇರಿತು.

ಶರೀಫರನ್ನು ಇಡೀ ನಾಡಿಗೆ ಮುಟ್ಟಿಸಿದವರು ಸಿ. ಅಶ್ವತ್ಥ್. ಕಂಠ ಇಂಪಿಲ್ಲ ಎಂದು ಗೊಣಗಿದವರು ಆಗಲೂ ಇದ್ದರು. ಆದರೆ ಮೇಲಿನ ಸ್ವರಕ್ಕೆ ಏರಿ ಅಲ್ಲೇ ಬಿರಿಯುವ ಆ ದನಿಯ ಒರಟುತನವೇ ಪದಕ್ಕೆ ಬೇಕಾಗಿತ್ತು. ನಾಗಾಭರಣರ ‘ಸಂತ ಶಿಶುನಾಳ ಶರೀಫ’ ಸಿನಿಮಾ (1990) ಬಂದ ಮೇಲೆ ಹಳೇ ಮೈಸೂರಿನ ಹುಡುಗರೂ ಉತ್ತರದ ಮಾತಿನ ಒತ್ತನ್ನು ನಾಲಿಗೆಗೆ ತಂದುಕೊಂಡರು. 2005ರಲ್ಲಿ ಬೆಂಗಳೂರಿನ ಅರಮನೆ ಮೈದಾನದಲ್ಲಿ ಅಶ್ವತ್ಥರ ‘ಕನ್ನಡವೇ ಸತ್ಯ’ ಗಾಯನ ಕಾರ್ಯಕ್ರಮ ನಡೆಯಿತು. ಮೈದಾನದ ತುಂಬ ಜನರನ್ನು ಸೇರಿಸಲು ಎಲೆಕ್ಟ್ರಿಕ್ ಗಿಟಾರೇ ಬೇಕೆಂದು ಯಾರಿಗೂ ಅನ್ನಿಸಿರಲಿಲ್ಲ.

ರಘು ಬಂದದ್ದು ಹೀಗೆ ಹದಗೊಂಡ ಕಿವಿಗಳ ನಡುವೆ. ಹಿಂದಿಯ ಸಂಗೀತ ಜೋಡಿ ವಿಶಾಲ್–ಶೇಖರ್ ಹೊರತಂದ ಆ ಮೊದಲ ಆಲ್ಬಮ್ಮಿನಲ್ಲಿ ಸ್ವಂತ ಹಾಡುಗಳೇ ಹೆಚ್ಚು, ಅವೂ ಬಹುಪಾಲು ಹಿಂದಿಯವು. ನಡುವೆ ಶರೀಫರ ಎರಡು ಪದ. ಬಾಬ್ ಡಿಲನ್ನರ ಮೊದಲ ಆಲ್ಬಮ್ಮಿನಲ್ಲಿ (1962) ಲೆಕ್ಕ ತಿರುಗಾಮುರುಗಾ: 13 ಹಾಡುಗಳಲ್ಲಿ ಅವರು ಬರೆದವು ಎರಡೇ. ಅನ್ಯರ ಹಾಡಿನ ಮೇಲೆ ಕೈ ಪಳಗಿಸಿಕೊಳ್ಳುವುದು ಹೊಸಬರ ವಾಡಿಕೆ. ರಘು ಅವರ ಸ್ವಂತ ಹಾಡುಗಳು ಚೆನ್ನಾಗಿವೆ, ಆದರೆ ಆಲ್ಬಮ್ಮಿಗೆ ಬೇರು ಸಿಕ್ಕಿದ್ದು ಆ ಎರಡು ಪದಗಳಿಂದಲೇ. (ಮರುವರ್ಷ ಬಂದ ಸ್ವರಾತ್ಮ ತಂಡದ ಆಲ್ಬಂಗೂ ಇಷ್ಟೇ ಮಾತು ಸಲ್ಲಬೇಕು, ಇಲ್ಲಿ ಜಾಗವಿಲ್ಲ.)

ಆ ಎರಡರಲ್ಲಿ ಗುಡುಗುಡಿಯ ಪದಕ್ಕೆ ಗಿಟಾರಿನ ಓಟ ಒಪ್ಪಿತು. ಲುಂಗಿ, ಕಾಲ್ಗೆಜ್ಜೆ ಕಟ್ಟಿ ರಘು ವೇದಿಕೆಯಲ್ಲಿ ಕುಣಿದರೆ ಕನ್ನಡ ಬಾರದವರೂ ಕುಣಿಯುತ್ತಾರೆ. ತೊಡಕು ಕೇಳುವವರದು. ಕಾಲೇಜು ಉತ್ಸವಗಳಲ್ಲಿ ಅದು ಹೊಗೆಯ ಹಾಡಾಗಿಬಿಟ್ಟಿದೆ. ಶರೀಫರಲ್ಲಿ ಮನಸ್ಸೇ ಸಂಚಿ, ಶರೀರವೇ ಬುರುಡೆ, ಸೇದಬೇಕಾದ್ದು ಬೇರೆಯೇ. ಎರಡನೆಯದಾದ ಸೋರುವ ಮಾಳಿಗೆಯ ಪದ ಇನ್ನೂ ಬಿಗಿ. ತೊಲೆ, ಜಂತಿಯ ಮೇಲೆ ಮಣ್ಣು ಹರವಿದ ಮನೆಯಲ್ಲಿ ಮಳೆಗಾಲ ಕಳೆದವರಿಗೆ ಅಲ್ಲಿನ ಅಜ್ಞಾನ ತಲೆಯ ಮೇಲೇ ತೊಟ್ಟಿಕ್ಕುತ್ತದೆ. ಇಲ್ಲಿ ನನ್ನ ಓಟು ಅಶ್ವತ್ಥರಿಗೇ.

ರಘು 2011ರಲ್ಲಿ ಬ್ರಿಟನ್ನಿನ ‘ಸಾಂಗ್‌ಲೈನ್ಸ್’ ಪತ್ರಿಕೆಯ ಪ್ರಶಸ್ತಿ ಪಡೆದದ್ದು ಎಲ್ಲರಿಗೂ ಗೊತ್ತು. ಅಷ್ಟಾಗಿ ಗಮನಕ್ಕೆ ಬಾರದ್ದು ಇದು: ಹೊಸ ತಂಡಗಳು ಅಶ್ವತ್ಥರ ಧಾಟಿಯನ್ನೇ ಶರೀಫರ ಧಾಟಿ ಎಂದು ನಂಬಿ, ಅದರ ಮೇಲೆ ಡ್ರಮ್ಸ್ ಹಾಕುತ್ತಿವೆ. ಅಶ್ವತ್ಥರಿಗಿಂತ ಮುಂಚೆ ಶಿಗ್ಗಾಂವಿ, ಕುಂದಗೋಳದ ಮೇಳಗಳು ಇದೇ ಪದಗಳನ್ನು ಯಾವ ಧಾಟಿಯಲ್ಲಿ, ಎಷ್ಟು ನಿಧಾನವಾಗಿ ಹಾಡುತ್ತಿದ್ದವು ಎಂಬುದಕ್ಕೆ ಆಲ್ಬಮ್ಮಿನ ಹೊದಿಕೆಗಳಲ್ಲಿ ಒಂದು ಸಾಲು ಜಾಗವಿಲ್ಲ. ಅಲ್ಲಿ ದಮ್ಮಡಿ ಹಿಡಿದವರು ಈಗ ಮುದುಕರು. ಅವರ ಮುಂದೆ ಮೈಕು ಇಡುವುದಕ್ಕೆ ಸ್ಟುಡಿಯೋದ ಅರ್ಧ ದಿನದ ಬಾಡಿಗೆಯೂ ಬೇಕಾಗುವುದಿಲ್ಲ.